ಸುಮಿತ್ರವ್ವನ ವರ್ಷದ ಮೆಚ್ಚು

೧.

ಎಲ್ಲಿಂದ ಶುರು ಮಾಡುವುದು? ರೇಡಿಯೋದಿಂದ ಶುರು ಮಾಡಿದರೆ ಉಳವಪ್ಪನಿಗೆ ಖುಷಿ. ಮುರಿದ ಕಾಲಿನಿಂದ ಶುರು ಮಾಡಿದರೆ ಅವನ ಹೆಂಡತಿ ಸುಮಿತ್ರವ್ವನಿಗೆ ಸಿಟ್ಟು. ಕರ್ನಾಟಕದ ಏಕೀಕರಣದಿಂದ ಶುರು ಮಾಡಿದರೆ ಕಥೆಗೆ ತೂಕ ಬರುತ್ತದೆ, ವಿಮರ್ಶಕರು ಕನ್ನಡಕ ಒರೆಸಿಕೊಂಡು ನೆಟ್ಟಗೆ ಕೂಡುತ್ತಾರೆ. ಮೊದಲ ಡ್ರಾಫ್ಟ್ ಹಾಗೇ ಇತ್ತು: "ಹತ್ತೊಂಬತ್ತುನೂರಾ ಐವತ್ತಾರರ ನವೆಂಬರ್ ಒಂದು. ಹರಿದು ಹಂಚಿಹೋಗಿದ್ದ ಕನ್ನಡ ನಾಡು ಒಂದಾದ ಆ ಪುಣ್ಯ ದಿನದಂದು..."

ಇಷ್ಟಕ್ಕೇ ಉಳವಪ್ಪನ ತಾಯಿ ತಿಪ್ಪವ್ವ ಕಥೆಯೊಳಗಿಂದ ಕೂಗಿದಳು.

"ಏ ತಮ್ಮಾ, ಭಾಷಣ ಸಾಕ ಮಾಡು. ನಮ್ಮ ಮನ್ಯಾಗ ಏನ ನಡೀತು, ಅದನ್ನ ಹೇಳು."

ಡ್ರಾಫ್ಟ್ ಹರಿದು ಹಾಕಿದ್ದಾಯಿತು. (ನೀವೂ ಅದನ್ನು ಮರೆತುಬಿಡಿ. ತಾರೀಖು ಮಾತ್ರ ನೆನಪಿರಲಿ, ಬೇಕಾಗುತ್ತದೆ.)

೨.

ಬೆಟಗೇರಿಯಲ್ಲಿ ಉಳವಪ್ಪನದು ಅರಿವೆ ಅಂಗಡಿ. ವ್ಯಾಪಾರಸ್ಥರಿಗೆ ವರ್ಷ ಮುಗಿಯುವುದು ದೀಪಾವಳಿ ಅಮಾವಾಸ್ಯೆಗೆ. ಅಂಗಡಿಯಲ್ಲಿ ಲಕ್ಷ್ಮೀ ಪೂಜೆ ಮುಗಿಸಿ ಮನೆಗೆ ಬಂದು, ಎಲ್ಲರೂ ಪಡಸಾಲೆಯಲ್ಲಿ ಕಂಬಳಿ ಹಾಸಿಕೊಂಡು ಕೂತು, ಕಳೆದ ವರ್ಷದಲ್ಲಿ ತಮಗೆ ಹೆಚ್ಚು ಹಿಡಿಸಿದ್ದು ಯಾವುದು ಅಂತ ಒಬ್ಬೊಬ್ಬರಾಗಿ ಹೇಳಬೇಕು. ಒಂದು ಆಟ, ಒಂದು ಸಾಮಾನು. ಆಟ ಎಂದರೆ ನಾಟಕ, ಸಿನೆಮಾ, ಕುಸ್ತಿ, ಏನಾದರೂ ಸರಿ. ಸಾಮಾನು ಎಂದರೆ ಆ ವರ್ಷ ಮನೆಗೋ ಊರಿಗೋ ಹೊಸದಾಗಿ ಬಂದದ್ದು. ಉಳವಪ್ಪನ ತಂದೆ ಹಾಕಿಕೊಟ್ಟ ಪದ್ಧತಿ ಇದು. ಮನೆಯವರು ಇದಕ್ಕೆ 'ವರ್ಷದ ಮೆಚ್ಚು' ಅನ್ನುತ್ತಿದ್ದರು. (ಈಗಿನವರು ಇದನ್ನೇ 'ಟಾಪ್ ಟೆನ್' ಅಂತ ಮಾಡಿ ಫೋನಿನಲ್ಲಿ ಹಾಕುತ್ತಾರೆ. ಹತ್ತನ್ನು ಮೆಚ್ಚುವಷ್ಟು ಸಾಮಾನು ಆಗ ಯಾರ ಮನೆಯಲ್ಲೂ ಇರಲಿಲ್ಲ.) ಒಬ್ಬರ ಮೆಚ್ಚಿಗೆ ಇನ್ನೊಬ್ಬರು ನಗಬಾರದು ಎಂಬುದು ನಿಯಮ. ಅದು ಪ್ರತಿ ವರ್ಷವೂ ಮುರಿಯುತ್ತಿತ್ತು.

ಸ್ವಾತಂತ್ರ್ಯ ಬಂದ ವರ್ಷ ತಿಪ್ಪವ್ವನ ಮೆಚ್ಚು ಕೈಯಲ್ಲಿ ಹಿಡಿಯುವ ಬ್ಯಾಟರಿ.

"ಗುಂಡಿ ಒತ್ತಿದ್ರ ಕತ್ತಲದಾಗ ಚೇಳು ಕಾಣತೈತಿ. ಅದಕ್ಕಿಂತ ದೊಡ್ಡ ಸ್ವಾತಂತ್ರ್ಯ ಯಾವದೈತಿ?" ಎಂದಿದ್ದಳು. ಎಲ್ಲರೂ ನಕ್ಕಿದ್ದರು.

ಒಂದು ವರ್ಷ ಸ್ಟೋವು ಬಂತು. ಅದು ಹುಲಿಯ ಹಾಗೆ ಗರ್ಜಿಸುತ್ತದೆಂದು ತಿಪ್ಪವ್ವ ಮೂರು ದಿನ ಅಡಿಗೆಮನೆಗೆ ಕಾಲಿಡಲಿಲ್ಲ. ಇನ್ನೊಂದು ವರ್ಷ ಉಳವಪ್ಪನ ತಮ್ಮ ಹುಚ್ಚೀರಪ್ಪ ದೀಪವಿರುವ ಸೈಕಲ್ ತಂದ. ತುಳಿದಷ್ಟೂ ಉರಿಯುವ ಆ ದೀಪ ನೋಡಲಿಕ್ಕೆಂದೇ, ಕೆಲಸವಿಲ್ಲದಿದ್ದರೂ, ಮುಸ್ಸಂಜೆಗೆ ಅಂತೂರ ಬೆಂತೂರದವರೆಗೆ ತುಳಿದು ಬರುತ್ತಿದ್ದ. ಆ ವರ್ಷದ ಮೆಚ್ಚು ಅವನು ಹೇಳುವ ಮೊದಲೇ ಎಲ್ಲರೂ ಒಟ್ಟಿಗೆ ಹೇಳಿಬಿಟ್ಟಿದ್ದರು.

ಉಳವಪ್ಪನದೂ ಸಾಮಾನಿನ ಹುಚ್ಚೇ. ಸುಮಿತ್ರವ್ವನದು ಆಟದ ಹುಚ್ಚು. ಅವಳ ತವರು ಲಕ್ಷ್ಮೇಶ್ವರ. ಕಂಪನಿ ನಾಟಕಕ್ಕೆ ಹೋಗಿ ಬಂದರೆ ಮರುದಿನ ರೊಟ್ಟಿ ಬಡಿಯುತ್ತಲೇ ಇಡೀ ನಾಟಕವನ್ನು ಎಲ್ಲರ ದನಿಯಲ್ಲಿ ಹೇಳಿಬಿಡುತ್ತಿದ್ದಳು. ಹಾಗಾಗಿ ಅವಳ ಮನೆಯಲ್ಲಿ ಖಳನಾಯಕ ನಕ್ಕಾಗಲೆಲ್ಲ ರೊಟ್ಟಿ ಹರಿಯುತ್ತಿತ್ತು.

೩.

(ಕಾಲು ಮುರಿದ ಪ್ರಸಂಗ. "ಸಣ್ಣದಾಗಿ ಹೇಳ್ರಿ, ಮಂದಿ ನಗತಾರ" ಎಂದಿದ್ದಾಳೆ ಸುಮಿತ್ರವ್ವ.)

ಐವತ್ತಾರರ ಬೇಸಿಗೆಯಲ್ಲಿ ಮಾಳಿಗೆಯ ಮೇಲೆ ಶಾವಿಗೆ ಒಣಹಾಕಿ ಇಳಿಯುವಾಗ ನಿಚ್ಚಣಿಕೆ ಜಾರಿತು. ನಾಟಿ ವೈದ್ಯ ಬಿದಿರಿನ ಪಟ್ಟಿ ಕಟ್ಟಿ, ಮಳೆ ಬೀಳುವ ತನಕ ನೆಲಕ್ಕೆ ಕಾಲು ಊರಬಾರದೆಂದು ಹೇಳಿ ಹೋದ. ತಂಪಿರಲೆಂದು ಅವಳನ್ನು ಹಿತ್ತಿಲ ಕೋಣೆಯಲ್ಲಿ ಮಲಗಿಸಿದರು. ಅದೇ ವಾರ ಹಿತ್ತಿಲ ಆಚೆಯ ಬಯಲಿಗೆ ನಾಟಕ ಕಂಪನಿಯೊಂದು ಬಂದು ತಗಡಿನ ಥಿಯೇಟರ್ ಕಟ್ಟಿತು!

ಮನೆಯವರೆಲ್ಲ ಹೋಗಿ ನೋಡಿ ಬಂದರು. ಅವಳು ಮಲಗಿ ಕೇಳಿದಳು. ಹುಳ ಬರುತ್ತವೆಂದು ದೀಪ ತೆಗೆದಿಟ್ಟಿರುತ್ತಿದ್ದರು. ಕತ್ತಲು, ಮಣ್ಣಿನ ಗೋಡೆ, ಆಚೆಯಿಂದ ಬರುವ ದನಿ. ಪರದೆಯ ಗಾಲಿ ಕಿರುಗುಟ್ಟಿದರೆ ಅಂಕ ಮುಗಿಯಿತು. ಗೆಜ್ಜೆ ಬಲಕ್ಕೆ ಸರಿದರೆ ಹಾಸ್ಯದವ ಬಂದ. ಅಣ್ಣ ತಮ್ಮಂದಿರು ಜಗಳಾಡಿ, ಮನೆಯಿಂದ ಹೊರಬಿದ್ದ ಸೊಸೆ ಬಾವಿಕಟ್ಟೆಯ ಮೇಲೆ ಕೂತು ಹಾಡುವ ಹಾಡೊಂದಿತ್ತು. ಆ ಹಾಡು ಬಂದಾಗ ಸುಮಿತ್ರವ್ವನ ಕಾಲಿನ ನೋವು ಎಲ್ಲೋ ಹೋಗುತ್ತಿತ್ತು. ಕಣ್ಣೀರು ಕಿವಿಗೆ ಇಳಿಯುತ್ತಿತ್ತು; ಅಂಗಾತ ಮಲಗಿದವರಿಗೆ ಇಳಿಯುವುದೇ ಹಾಗೆ.

"ಸಾವಕ್ಕ ಅಂತ ಹುಡುಗಿ, ವೈನಿ. ಏನ ಕಣ್ಣು, ಏನ ನಡಿಗಿ!" ಎಂದು ಸೊಸೆಯ ಪಾರ್ಟಿನವಳನ್ನು ಅತ್ತಿಗೆಯ ಮುಂದೆ ಹೊಗಳುತ್ತಿದ್ದ ಹುಚ್ಚೀರಪ್ಪ.

"ದನಿ?"

"ಹೂಂ, ದನೀನೂ ಐತಿ."

ಉಳವಪ್ಪನೊಬ್ಬ ಮಾತ್ರ ನಾಟಕಕ್ಕೆ ಹೋಗಲಿಲ್ಲ. ಹೆಂಡತಿಯ ಪಕ್ಕ ಕೂತು ಬೀಸಣಿಕೆಯಿಂದ ಗಾಳಿ ಹಾಕುತ್ತಿದ್ದ. ಹಾಡು ಬಂದಾಗ ಅವಳ ಮುಖವನ್ನು ಕತ್ತಲಲ್ಲಿ ಅವನು ಕಂಡನೋ ಇಲ್ಲವೋ, ಒಂದು ಮಾತ್ರ ತೀರ್ಮಾನಿಸಿದ: ಕಂಪನಿ ಹೋದ ಮೇಲೂ ಇವಳಿಗೆ ಮಲಗಿದಲ್ಲೇ ಹಾಡು ಕೇಳುವ ಹಾಗೆ ಏನಾದರೂ ಮಾಡಬೇಕು.

೪.

ಆದರೆ ಅವನು ಹುಬ್ಬಳ್ಳಿಗೆ ಹೋಗಿ ಬ್ಯಾಟರಿಯ ರೇಡಿಯೋ ತರುವಷ್ಟರಲ್ಲಿ ನವರಾತ್ರಿ ಬಂದಿತ್ತು. ಕಂಪನಿ ಊರು ಬಿಟ್ಟಿತ್ತು, ಸುಮಿತ್ರವ್ವ ಕೋಲು ಹಿಡಿದು ಕುಂಟುತ್ತ ಓಡಾಡುತ್ತಿದ್ದಳು. ಆದರೂ ರೇಡಿಯೋ ರೇಡಿಯೋನೇ. ಮಾಳಿಗೆಯ ಮೇಲೆ ಎರಡು ಬಿದಿರು ನೆಟ್ಟು ನಡುವೆ ತಂತಿ ಕಟ್ಟಿದರು. ಮುಂಡರಗಿಯ ಬೀಗರು ಹೊಲದ ಕೆಲಸ ಬಿಟ್ಟು ಬಂದು ಮುಟ್ಟಿ ನೋಡಿದರು. ಏಕೀಕರಣದ ದಿನ ಇಡೀ ಓಣಿ ಪಡಸಾಲೆಯಲ್ಲಿ ನೆರೆದಿತ್ತು. ಧಾರವಾಡದಿಂದ ಬರುತ್ತಿದ್ದ ಮಾತಿನಲ್ಲಿ ಅರ್ಧ ಗರಗರ, ಅರ್ಧ ಕನ್ನಡ. ಮಾತು ಮುಗಿದು ಹಾಡು ಬಂದಾಗ ಮಂದಿ ಎದ್ದು ನಿಂತರು. ಯಾಕೆ ನಿಂತೆವೆಂದು ಯಾರಿಗೂ ಗೊತ್ತಿರಲಿಲ್ಲ. ಕೂತಿರಲು ಆಗಲಿಲ್ಲ, ಅಷ್ಟೇ. ತಿಪ್ಪವ್ವ ರೇಡಿಯೋಕ್ಕೆ ಕುಂಕುಮ ಹಚ್ಚಿದಳು.

ಮರುದಿನವೇ ಅಮಾವಾಸ್ಯೆ.

೫.

"ಈ ವರ್ಷ ಕೇಳೂದ ಬ್ಯಾಡ, ರೇಡಿಯೋ," ಎಂದ ಹುಚ್ಚೀರಪ್ಪ.

"ನಂದೂ ಅದ," ಎಂದಳು ತಿಪ್ಪವ್ವ. "ಆದ್ರ ಅದರಾಗಿನ ಮನಶ್ಯಾಗ ಸೊಕ್ಕ ಭಾಳ. ನಾ ಏನ ಕೇಳಿದ್ರೂ ಉತ್ತರಾ ಕೊಡಂಗಿಲ್ಲ."

ನಗು ಮುಗಿದ ಮೇಲೆ ಉಳವಪ್ಪ ಹೆಂಡತಿಯ ಕಡೆ ನೋಡಿದ. ಅಂಗಡಿಯಲ್ಲಿ ಗಿರಾಕಿಯ ಮುಂದೆ ಒಳ್ಳೆಯ ಸೀರೆ ಬಿಚ್ಚಿ ಹಾಸಿ, ಏನನ್ನುತ್ತಾರೆಂದು ಕಾಯುವ ಮುಖ ಅದು.

"ಆಟ ಅಂದ್ರ ಆ ಬಾವಿಕಟ್ಟಿ ಹಾಡು," ಎಂದಳು ಸುಮಿತ್ರವ್ವ.

"ಅದು ಗೊತ್ತಿದ್ದದ್ದ. ಸಾಮಾನು?"

ಅವಳು ಸೆರಗಿನ ತುದಿಯನ್ನು ಬೆರಳಿಗೆ ಸುತ್ತಿದಳು. "ಹಿತ್ತಲ ಗ್ವಾಡಿ."

"ಗ್ವಾಡಿ?"

"ಹೌದ್ರಿ. ಆ ಗ್ವಾಡಿ ಆಚೆಯಿಂದ ಬಂದಂಥಾ ದನಿ ಯಾವ ರೇಡಿಯೋದಾಗೂ ಬರಲಿಲ್ಲ. ಸುಳ್ಳ ಹೆಂಗ ಹೇಳ್ಲಿ?"

ಈ ಸಲ ಯಾರೂ ನಗಲಿಲ್ಲ. ಉಳವಪ್ಪ ಎದ್ದು ಹೋಗಿ ರೇಡಿಯೋದ ಮೇಲೆ ಬಟ್ಟೆ ಮುಚ್ಚಿದ. ಹೋಳಿಗೆ ಮುಟ್ಟದೆ ಮಲಗಿದ.

(ಇಲ್ಲಿ ಅವನು ರೇಡಿಯೋ ಎತ್ತಿ ನೆಲಕ್ಕೆ ಅಪ್ಪಳಿಸಿದರೆ ಕಥೆಗೆ ಬಲ ಬರುತ್ತದೆ ಅನಿಸಿ ಹಾಗೆ ಬರೆದೂ ನೋಡಿದೆ. ಉಳವಪ್ಪ ಪುಟದಿಂದಲೇ ತಲೆ ಎತ್ತಿ ಬೈದ: "ಲೇ, ನನ್ನ ರೇಡಿಯೋ ನಾ ಯಾಕ ಒಡೀಲಿ? ಹುಚ್ಚ ಹಿಡದೈತೇನ ನಿನಗ?" ಆ ಸಾಲೂ ಹೋಯಿತು. ನನ್ನ ಪಾತ್ರಗಳಿಗೆ ನಾಟಕೀಯತೆ ಹಿಡಿಸುವುದಿಲ್ಲ. ನಾಟಕ ಮಾತ್ರ ಹಿಡಿಸುತ್ತದೆ.)

ಪಾಡ್ಯದ ಬೆಳಿಗ್ಗೆ ಚಹಾ ಕುಡಿಯುತ್ತ ಉಳವಪ್ಪ ಕೇಳಿದ, "ಆ ಕಂಪನಿ ಈಗ ಎಲ್ಲೈತಿ?"

"ನಮ್ಮ ಲಕ್ಷ್ಮೇಶ್ವರದಾಗಂತ. ಶಿರಹಟ್ಟಿ ಕ್ಯಾಂಪ್ ಮುಗಿಸಿ ಬಂದಾರಂತ."

"ನಡಿ, ಹೋಗೂಣು. ನಿನ್ನ ಗ್ವಾಡಿ ಆಚೆ ಯಾರದಾರ, ನಾನೂ ಒಮ್ಮೆ ನೋಡತೀನಿ."

ಹೊರಡುವಾಗ ಅಂಗಡಿಯಿಂದ ಕೆಂಪಂಚಿನ ಇಳಕಲ್ ಸೀರೆಯೊಂದನ್ನು ಆರಿಸಿ ಚೀಲಕ್ಕೆ ಹಾಕಿಕೊಂಡ. ಅವಳಿಗೆ ಏನೂ ಹೇಳಲಿಲ್ಲ.

೭.

(ಆರನೆಯದರಲ್ಲಿ ಮೋಟಾರಿನ ಪ್ರಯಾಣವಿತ್ತು. ಧೂಳೇ ಹೆಚ್ಚಾಗಿತ್ತು, ಝಾಡಿಸಿ ತೆಗೆದಿದ್ದೇನೆ.)

ಹಬ್ಬವಾದ್ದರಿಂದ ಆ ದಿನ ದೀಪ ಹಚ್ಚುವ ಹೊತ್ತಿಗೇ ಆಟ ಶುರುವಾಯಿತು. ಲಕ್ಷ್ಮೇಶ್ವರದಲ್ಲಿ ಆ ಥಿಯೇಟರಿಗೆ ಕರೆಂಟು ಇರಲಿಲ್ಲ, ಮೈಕೂ ಇರಲಿಲ್ಲ. ಗ್ಯಾಸ್ ಬತ್ತಿಗಳು ಸುಂಯ್ ಎನ್ನುತ್ತಿದ್ದವು. ಉಳವಪ್ಪ ಮುಂಚೆಯೇ ಹೋಗಿ ಕಂಪನಿಯ ಮಾಲಕನನ್ನು ಕಂಡು, ಎರಡನೇ ಅಂಕ ಮುಗಿದ ಮೇಲೆ ತನ್ನ ಹೆಂಡತಿ ರಂಗದ ಮೇಲೆ ಬಂದು ಹಾಡಿದವಳಿಗೆ ಸೀರೆ ಉಡುಗೊರೆ ಕೊಡುತ್ತಾಳೆಂದು ಮಾತು ಮುಗಿಸಿದ್ದ. ಬಂದು ಹೆಂಗಸರ ಸಾಲಿನಲ್ಲಿದ್ದ ಸುಮಿತ್ರವ್ವನ ಕೈಗೆ ಚೀಲ ಕೊಟ್ಟು, "ವರ್ಷದ ಮೆಚ್ಚು ಬಾಯಿಲೆ ಹೇಳಿದ್ರ ಸಾಲದು, ಹಾಡಿದಾಕಿಗೆ ನಿನ್ನ ಕೈಲೆ ಕೊಡು," ಎಂದಷ್ಟೇ ಹೇಳಿ ಗಂಡಸರ ಕಡೆ ಹೋದ. ಅವಳು ಸೀರೆಯನ್ನು ಎದೆಗೆ ಒತ್ತಿಕೊಂಡು ಕೂತಳು. ಗಂಡನ ಸಿಟ್ಟು ಇಳಿದಿದೆಯೆಂದು ಆಗಲೇ ಗೊತ್ತಾದದ್ದು.

ಸಾವಕ್ಕ ಬಂದಳು. ಹುಚ್ಚೀರಪ್ಪ ಹೇಳಿದ್ದು ಖರೆ: ಕಣ್ಣು ಹಾಗೆಯೇ, ನಡಿಗೆ ಹಾಗೆಯೇ. ಬಾವಿಕಟ್ಟೆಯ ಮೇಲೆ ಕೂತು, ಸೆರಗನ್ನು ಮುಖಕ್ಕೆ ಸ್ವಲ್ಪ ಮರೆ ಮಾಡಿಕೊಂಡು ಹಾಡಿದಳು. ಜನ ಅವಳ ಮೇಲಿನ ಕಣ್ಣು ಕೀಳಲಿಲ್ಲ.

ಸುಮಿತ್ರವ್ವ ಮಾತ್ರ ಕತ್ತು ತಿರುಗಿಸಿದಳು. ದನಿ ಬಾವಿಕಟ್ಟೆಯಿಂದ ಬರುತ್ತಿರಲಿಲ್ಲ. ಎಡಗಡೆಯ ಪಕ್ಕಪರದೆಯ ಹಿಂದಿನಿಂದ ಬರುತ್ತಿತ್ತು. ಉಳಿದವರೆಲ್ಲ ಕಣ್ಣಿಟ್ಟು ಹಾಡು ಕೇಳುತ್ತಿದ್ದರು. ಒಂದು ಬೇಸಿಗೆಯಿಡೀ ಕತ್ತಲಲ್ಲಿ ಮಲಗಿ ಕೇಳಿದ ಅವಳೊಬ್ಬಳಿಗೆ ಅದು ಗೊತ್ತಾಯಿತು.

ನೀರು ಕುಡಿದು ಬರುತ್ತೇನೆಂದು ಪಕ್ಕದವಳಿಗೆ ಹೇಳಿ, ಕೋಲೂರುತ್ತ ರಂಗದ ಹಿಂಬದಿಗೆ ಹೋದಳು.

೮.

ಪರದೆಯ ಹಿಂದೆ ಬೋರಲು ಹಾಕಿದ ಪೆಟ್ಟಿಗೆಯ ಮೇಲೆ ವಯಸ್ಸಾದ, ಮೈ ತುಂಬಿಕೊಂಡ ಹೆಂಗಸೊಬ್ಬಳು ಊದಿದ ಮೊಣಕಾಲು ತಿಕ್ಕಿಕೊಳ್ಳುತ್ತ ಕೂತಿದ್ದಳು.

"ಬಾವಿಕಟ್ಟಿ ಹಾಡು ಹಾಡಿದವರು ನೀವ ಅಲ್ರಿ?" ಎಂದಳು ಸುಮಿತ್ರವ್ವ.

ಹೆಂಗಸು ಬೆಚ್ಚಿದಳು. ಆಚೀಚೆ ನೋಡಿದಳು. "ಯಾರ ಹೇಳಿದ್ರು ನಿಮಗ?"

"ಯಾರೂ ಹೇಳಿಲ್ರಿ. ಬೆಟಗೇರಿಯೊಳಗ ನಿಮ್ಮ ಥೇಟರಿನ ಹಿಂದ ಕಾಲ ಮುರಕೊಂಡ ಮಲಗಿದ್ದೆ. ದಿನಾ ನಿಮ್ಮ ದನಿ ಕೇಳಕೋತ ಮಲಗೀನಿ."

ಆಕೆಯ ಹೆಸರು ಮೋತಿಬಿ. ಹಿಂದೊಂದು ಕಾಲಕ್ಕೆ ಆ ಕಂಪನಿಯ ರಾಣಿ ಪಾರ್ಟು ಆಕೆಯದೇ. ಮೈ ಬೆಳೆಯಿತು, ಮೊಣಕಾಲು ಹಿಡಿಯಿತು, ಮುಖಕ್ಕೆ ಮುಪ್ಪು ಬಂತು, ದನಿಗೆ ಬರಲಿಲ್ಲ. ಸಾವಕ್ಕನಿಗೆ ರೂಪವಿತ್ತು; ಹಾಡು ಬರುವುದಿಲ್ಲ ಎಂದು ಮಾಲಕನೇ ನಿರ್ಧರಿಸಿ ಹೀಗೆ ಹೊಂದಿಸಿದ್ದ.

"ಅವ್ವಾರ, ಇದನ್ನ ಯಾರಿಗೂ ಹೇಳಬ್ಯಾಡ್ರಿ," ಎಂದಳು ಮೋತಿಬಿ. "ಆ ಹುಡುಗಿ ಹೊಟ್ಟಿ ಮ್ಯಾಲ ಹೊಡದಂಗ ಆಕ್ಕೈತಿ. ತಾಯಿ ಇಲ್ಲದ ಕೂಸು. ನಾನ ಬಣ್ಣಾ ಹಚ್ಚಿ ಕಳಸ್ತೀನಿ."

"ಮತ್ತ ನೀವು?"

"ನನ್ನ ಮುಖಾ ಮಂದಿ ನೋಡಿ ಸಾಕಾಗೈತಿ." ಮೋತಿಬಿ ನಗಲು ನೋಡಿದಳು. ಆಗಲಿಲ್ಲ. ಸುಮಿತ್ರವ್ವನ ಮುಂಗೈ ಹಿಡಿದುಕೊಂಡಳು. "ಆದ್ರ ಒಂದ ಮಾತ ಹೇಳ್ರಿ. ಗ್ವಾಡಿ ಆಚೆ ಖರೇನ ಕೇಳಸ್ತಿತ್ತೇನ್ರಿ? ಸಣ್ಣ ದನ್ಯಾಗ ಹಾಡಿದ್ದೂ?"

"ನೀವು ಉಸರ ತಗೊಳ್ಳೂದೂ ಕೇಳಸ್ತಿತ್ತು."

ಮೋತಿಬಿ ಆ ಕೈಯನ್ನು ಬಿಡಲಿಲ್ಲ. ಅಷ್ಟರಲ್ಲಿ ಆಚೆ ಗಂಟೆ ಬಾರಿಸಿತು. ಬೆಟಗೇರಿಯ ಉಳವಪ್ಪನವರ ಧರ್ಮಪತ್ನಿ ರಂಗದ ಮೇಲೆ ಬರಬೇಕೆಂದು ಮಾಲಕ ಕೂಗುತ್ತಿದ್ದ.

೯.

ಈಗ ಬರೆಯುವವನ ಫಜೀತಿ ಕೇಳಿ.

ಎಂಡಿಂಗ್ ಒಂದು: ಸುಮಿತ್ರವ್ವ ಸೀರೆಯನ್ನು ಸಾವಕ್ಕನಿಗೆ ಕೊಡುತ್ತಾಳೆ. ಚಪ್ಪಾಳೆ. ಪರದೆ. (ಮೋತಿಬಿ ಹಿಂದೆ ಕೂತು ಆ ಚಪ್ಪಾಳೆ ಕೇಳುತ್ತಾಳೆ. ನನ್ನ ಕೈಯಲ್ಲಿ ಆಗಲಿಲ್ಲ.)

ಎಂಡಿಂಗ್ ಎರಡು: ಸುಮಿತ್ರವ್ವ ಮೋತಿಬಿಯ ಕೈ ಹಿಡಿದು ಬೆಳಕಿಗೆ ಎಳೆದು ತರುತ್ತಾಳೆ. ಸತ್ಯ ಗೆಲ್ಲುತ್ತದೆ. ಎರಡು ಡ್ರಾಫ್ಟ್ ಇದನ್ನೇ ಬರೆದೆ. ಮೂರನೆಯದಕ್ಕೆ ಸುಮಿತ್ರವ್ವ ಕೋಲು ಕುಟ್ಟಿದಳು.

"ಆ ಹುಡುಗಿ ಮುಖಾ ನೋಡೀರೇನ? ಕೈ ಮುಗದ ನಿಂತೈತಿ. ಅಕಿ ಏನ ತಪ್ಪ ಮಾಡ್ಯಾಳ? ಸರೀರಿ ಅತ್ತಾಗ, ನಾ ನೋಡ್ಕೋತೀನಿ."

ಸರಿದೆ. ನಡೆದದ್ದು ಹೀಗೆ.

೧೦.

ಸುಮಿತ್ರವ್ವ ರಂಗದ ನಡುವೆ ಬಂದು ನಿಂತಳು. ಅಷ್ಟು ಜನರ ಮುಂದೆ ಅವಳು ಎಂದೂ ಮಾತಾಡಿದವಳಲ್ಲ. ಕೋಲು ಗಟ್ಟಿಯಾಗಿ ಊರಿ ಹೇಳಿದಳು.

"ಈ ಹಾಡು ನಾ ಕತ್ತಲದಾಗ ಮಲಗಿ ಕೇಳೀನ್ರಿ. ನನಗ ಅದು ಹಂಗ ಇನ್ನೊಮ್ಮೆ ಕೇಳಬೇಕು. ನೀವೂ ಕೇಳ್ರಿ. ಬತ್ತಿ ಆರಸ್ರಿ."

ಜನ ಗುಜುಗುಜು ಅಂದರು. ಬತ್ತಿಗಳನ್ನು ನೋಡಿಕೊಳ್ಳುವ ಮಾಶಾಕ ಎಂಬವನು ಹೌಹಾರಿ ಮುಂದೆ ಬಂದ. "ಅವ್ವಾರ, ಇವು ಗುಂಡಿ ಒತ್ತಿದ್ರ ಹತ್ತೂವಂಥಾವು ಅಲ್ರಿ. ಆರಿಸಿದ್ರ ಮತ್ತ ಹಚ್ಚಾಕ ಹೊತ್ತ ಹಿಡೀತೈತಿ."

"ಹಿಡೀಲಿ. ಯಾರಿಗೆ ಅವಸರ ಐತಿ?"

ಮಾಲಕ ಬಾಯಿ ತೆರೆಯುವ ಮೊದಲೇ ಗಂಡಸರ ಸಾಲಿನಿಂದ ಉಳವಪ್ಪ ಎದ್ದು ನಿಂತ. "ಆರಸಪಾ ತಮ್ಮಾ. ನಮ್ಮ ಮನ್ಯಾಕಿ ಕೇಳಾಕತ್ತಾಳ." ಹೆಂಡತಿ ಯಾಕೆ ಹೀಗೆ ಕೇಳುತ್ತಿದ್ದಾಳೆಂದು ಅವನಿಗೂ ಗೊತ್ತಿರಲಿಲ್ಲ.

ಒಂದೊಂದೇ ಬತ್ತಿ ನೀಲಿಯಾಗಿ, ಕೆಂಪಾಗಿ, ಆರಿತು. ಅಮಾವಾಸ್ಯೆಯ ಮರುದಿನದ ಕತ್ತಲು. ಪಕ್ಕದವರ ಮುಖವೂ ಕಾಣಲಿಲ್ಲ. ಸ್ವಲ್ಪ ಹೊತ್ತು ಏನೂ ಇಲ್ಲ. ಎಲ್ಲೋ ಒಂದು ಕೂಸು ಅತ್ತಿತು. ಆಮೇಲೆ ದನಿ ಬಂತು.

ಮೋತಿಬಿ ಆ ದಿನ ಹಾಡಿದ ಹಾಗೆ ಎಂದೂ ಹಾಡಿರಲಿಲ್ಲವೆಂದು ಆಮೇಲೆ ಹಾರ್ಮೋನಿಯಂ ಪೇಟಿ ಬಾರಿಸುವವನು ಹೇಳಿದನಂತೆ. ಯಾರ ತುಟಿಗೂ ಹೊಂದಿಸಬೇಕಾಗಿರಲಿಲ್ಲ. ಯಾರ ಸೆರಗು ಎಷ್ಟು ಹೊತ್ತು ಮರೆಯಾಗಿರುತ್ತದೆಂದು ನೋಡಬೇಕಾಗಿರಲಿಲ್ಲ. ಎಳೆಯಬೇಕಾದಲ್ಲಿ ಬೇಕಾದಷ್ಟು ಎಳೆದಳು, ನಿಲ್ಲಬೇಕಾದಲ್ಲಿ ನಿಂತಳು. ಸುಮಿತ್ರವ್ವ ಕೋಲಿನಿಂದ ಹಲಗೆ ತಡವುತ್ತ ಆ ದನಿಯ ಕಡೆಗೇ ನಡೆದಳು. ಕೈಗೆ ಬಿಸಿಯಾದ ಒಂದು ಭುಜ ಸಿಕ್ಕಿತು. ಸೀರೆಯ ಮಡಿಕೆ ಬಿಚ್ಚಿ ಆ ಭುಜದ ಮೇಲೆ ಹೊದಿಸಿದಳು. ಹಾಡು ಒಂದು ಗಳಿಗೆ ನಿಂತಿತು. ಮತ್ತೆ ಮುಂದುವರಿಯಿತು.

ಹಾಡು ಮುಗಿದು, ಮಾಶಾಕ ಪಂಪು ಹೊಡೆದು ಮೊದಲ ಬತ್ತಿ ಹಚ್ಚಿದಾಗ ಸುಮಿತ್ರವ್ವ ರಂಗದ ನಡುವೆ ತಿರುಗಿ ಬಂದು ಕೋಲೊಂದನ್ನೇ ಹಿಡಿದು ನಿಂತಿದ್ದಳು. ಸಾವಕ್ಕ ಬರಿಗೈಯಲ್ಲಿ ನಿಂತಿದ್ದಳು. ಸೀರೆ ಇರಲಿಲ್ಲ. ಜನ ಒಬ್ಬರ ಮುಖ ಒಬ್ಬರು ನೋಡಿಕೊಂಡರು. ಆಮೇಲೆ ಯಾರೋ ಹಿಂದಿನ ಸಾಲಿನಲ್ಲಿ ಚಪ್ಪಾಳೆ ತಟ್ಟಿದರು, ಮಳೆ ಶುರುವಾದ ಹಾಗೆ ಅದು ಮುಂದಿನ ಸಾಲಿಗೆ ಬಂತು. ಆ ಚಪ್ಪಾಳೆ ಯಾರಿಗೆಂದು ಯಾರೂ ಹೇಳಲಿಲ್ಲ, ಯಾರೂ ಕೇಳಲಿಲ್ಲ.

೧೧.

(ಇಲ್ಲಿ ಮುಗಿಸಬಹುದಿತ್ತು. ಒಳ್ಳೆಯ ಕ್ಲೈಮ್ಯಾಕ್ಸ್. ಮೋತಿಬಿ ಮುಂದಿನ ಕ್ಯಾಂಪಿನಲ್ಲಿ ಕುರ್ಚಿ ಹಾಕಿಕೊಂಡು ಜನರೆದುರು ಕೂತೇ ಹಾಡಿದಳೆಂದು ಮುಂಡರಗಿಯವರು ಹೇಳುತ್ತಾರೆ. ಅದೆಲ್ಲ ಸುಳ್ಳು, ಕಂಪನಿ ಮುಂಡರಗಿಗೆ ಬರಲೇ ಇಲ್ಲ ಎಂದು ಮುಂಡರಗಿಯ ಇನ್ನೊಂದು ಓಣಿಯವರು ಹೇಳುತ್ತಾರೆ. ನಾನು ಎರಡನ್ನೂ ನಂಬಿದ್ದೇನೆ.)

ಆದರೆ ಮರುದಿನದ ಬೆಳಿಗ್ಗೆಯೊಂದು ಉಳಿದಿದೆ.

ತವರಿನಲ್ಲಿ ಉಳಿದು, ಗದಗಿನ ಮೋಟಾರು ಹಿಡಿಯಲು ಗಂಡ ಹೆಂಡತಿ ಬಂದಿದ್ದರು. ಯಾರಿಗೂ ಹೇಳುವುದಿಲ್ಲವೆಂದು ಮಾತು ಕೊಟ್ಟು ಉಳವಪ್ಪ ಅವಳ ಬಾಯಿಂದ ಎಲ್ಲ ಕೇಳಿ ತಿಳಿದಿದ್ದ. "ಆ ದನಿಗೆ ನನ್ನ ರೇಡಿಯೋ ಸೋತದ್ದು ಸರೀನ ಐತಿ ಬಿಡು," ಎಂದು ಅವಳನ್ನು ಕಿಟಕಿಯ ಪಕ್ಕ ಕೂಡಿಸಿದ. ಡ್ರೈವರ್ ಇಂಜಿನ್ ಚಾಲು ಮಾಡಿದ್ದ. ಆಗ ಬಣ್ಣವಿಲ್ಲದ ಮುಖದ ಹುಡುಗಿಯೊಬ್ಬಳು ಓಡುತ್ತ ಬಂದು ಕಿಟಕಿಯ ಕಂಬಿ ಹಿಡಿದಳು. ಸಾವಕ್ಕ. ಹಗಲಿನಲ್ಲಿ ಇನ್ನೂ ಚಿಕ್ಕವಳಾಗಿ ಕಂಡಳು.

ಸುಮಿತ್ರವ್ವ ಕಿಟಕಿಗೆ ಬಾಗಿದಳು. "ಸಿಟ್ಟ ಬಂತೇನ ತಂಗಿ?"

ಹುಡುಗಿ ಇಲ್ಲವೆಂದು ತಲೆಯಾಡಿಸಿದಳು. ಏದುಸಿರು ಬಿಡುತ್ತಿದ್ದಳು.

"ಅವ್ವಾರ, ನಿನ್ನೆ ಬತ್ತಿ ಆರಿದಾಗ ನಾನೂ ಹಾಡೀನ್ರಿ. ಸಣ್ಣಗ. ಮೋತಿಬಿ ಅವ್ವನ ದನಿ ಕೆಳಗ. ಕಂಪನಿಯೊಳಗ ನನಗ ಯಾರೂ ಹಾಡಾಕ ಬಿಟ್ಟಿಲ್ಲ. ನಿಮ್ಮ ಕಿವಿ ಭಾಳ ಸೂಕ್ಷ್ಮ ಅಂತ ಅವ್ವ ಹೇಳ್ಯಾಳ್ರಿ. ನಿಮಗ ಕೇಳಿಸ್ತೇನ್ರಿ?"

ಗೋಡೆಯಾಚೆಯ ಉಸಿರನ್ನೂ ಕೇಳಿದ್ದ ಕಿವಿ ಅದು. ಎರಡು ಹೆಜ್ಜೆ ದೂರದಲ್ಲಿ ನಿಂತು ಹಾಡಿದ ಹುಡುಗಿ ಅದಕ್ಕೆ ಕೇಳಿಸಿರಲಿಲ್ಲ.

(ಕೇಳಿಸಿತು ಅನ್ನಿ, ಎಂದು ನಾನು ಮೆಲ್ಲಗೆ ಹೇಳಿದೆ. ಒಂದು ಸಣ್ಣ ಸುಳ್ಳು, ಕಥೆಯೂ ಮುಗಿಯುತ್ತದೆ. ಅವಳು ನನ್ನ ಕಡೆ ತಿರುಗಿಯೂ ನೋಡಲಿಲ್ಲ.)

"ಇಲ್ಲವಾ. ಕೇಳಿಸ್ಲಿಲ್ಲ," ಎಂದಳು. ಹುಡುಗಿಯ ಕೈ ಕಂಬಿಯಿಂದ ಜಾರಿತು. ಅಷ್ಟರಲ್ಲಿ ಸುಮಿತ್ರವ್ವ ಕೋಲು ಹಿಡಿದು ಎದ್ದಿದ್ದಳು. "ಸರೀರಿ, ದಾರಿ ಬಿಡ್ರಿ," ಎಂದು ಜನರ ಮೊಣಕಾಲು ದಾಟಿ, ಕಂಡಕ್ಟರ್ ಬೇಡವೆಂದರೂ ಕೇಳದೆ, ಮೋಟಾರಿನಿಂದ ಕೆಳಗಿಳಿದು ಧೂಳಿನಲ್ಲಿ ನಿಂತಳು. ಉಳವಪ್ಪ ಚೀಲ ಎತ್ತಿಕೊಂಡು ಹಿಂದೆಯೇ ಇಳಿದ.

"ಈಗ ಹಾಡು. ಕೇಳತೀನಿ."

"ಇಲ್ಲೇನ್ರಿ? ಮಂದಿ ನೋಡಾಕತ್ತಾರ."

"ನೋಡ್ಲಿ."

ಸಾವಕ್ಕ ಹೇಗೆ ಹಾಡಿದಳು, ಕಾಗೆಯೋ ಕೋಗಿಲೆಯೋ, ಅದನ್ನು ನಾನು ಬರೆಯುವುದಿಲ್ಲ. ಬರೆದರೆ ನೀವು ತೀರ್ಪು ಕೊಡುತ್ತೀರಿ, ಮುಂದಿನ ಕಥೆಗೆ ಹೋಗುತ್ತೀರಿ. ಅವಳು ನೆಟ್ಟಗೆ ನಿಂತಳು. ಕಣ್ಣು ಮುಚ್ಚಲಿಲ್ಲ, ಸೆರಗು ಮರೆ ಮಾಡಲಿಲ್ಲ. ಕಂಡಕ್ಟರ್ ಸೀಟಿ ಬಾಯಿಗಿಟ್ಟುಕೊಂಡವನು ಊದದೆ ನಿಂತ.

ಡ್ರೈವರ್ ಇಂಜಿನ್ ಬಂದ್ ಮಾಡಿದ.